ಆಸ್ಪತ್ರೆಯ ಬಿಲ್ಲನ್ನು ಓದುವ ಪತ್ರಿಕೆಗಳು

ನಮ್ಮ ವೃತ್ತಪತ್ರಿಕೆಗಳ ಒಳಪುಟಗಳಲ್ಲಿ ‘ಸಹಾಯಕ್ಕಾಗಿ ಮನವಿ’ ಎಂಬ ತಲೆಬರಹದ ಕಿರುಸುದ್ದಿಯನ್ನು ಕಾಣದ ಓದುಗರು ಇರಲಾರರು. ಪುಟ್ಟ ಮಗುವೊಂದರ ಭಾವಚಿತ್ರ, ರೋಗದ ಹೆಸರು, ಶಸ್ತ್ರಚಿಕಿತ್ಸೆಗೆ ಬೇಕಾದ ಲಕ್ಷಗಳ ಮೊತ್ತ, ಕೊನೆಯಲ್ಲಿ ಬ್ಯಾಂಕಿನ ಖಾತೆಯ ಸಂಖ್ಯೆ. ಓದಿದವರ ಕರುಳು ಚುರುಕ್ಕೆನ್ನುತ್ತದೆ; ಕೈಲಾದವರು ಹಣ ಕಳುಹಿಸುತ್ತಾರೆ. ಇದು ಪುಣ್ಯಕಾರ್ಯವೇ ಸರಿ. ಇದನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಆ ಮೊತ್ತ ಹೇಗೆ ಬಂದಿತು, ಅದರಲ್ಲಿ ಔಷಧಿಗೆಷ್ಟು, ಕೊಠಡಿಗೆಷ್ಟು, ಉಪಕರಣಕ್ಕೆಷ್ಟು ಎಂದು ಆ ಸುದ್ದಿ ಕೇಳುವುದಿಲ್ಲ. ಸಿಡಿಲು ಬಡಿದಂತೆ, ಕೆರೆ ಒಡೆದಂತೆ, ಆಸ್ಪತ್ರೆಯ ವೆಚ್ಚವೂ ಮನುಷ್ಯನ ಕೈಮೀರಿದ್ದೆಂದು ಪತ್ರಿಕೆಯೂ ಓದುಗನೂ ಒಪ್ಪಿಕೊಂಡುಬಿಟ್ಟಂತಿದೆ.

ಈ ಪ್ರಶ್ನೆಯನ್ನೇ ಕಾಯಕವಾಗಿ ಹಿಡಿದ ಪತ್ರಕರ್ತರು ಅಮೆರಿಕದಲ್ಲಿದ್ದಾರೆ. 2013ರ ಮಾರ್ಚಿಯಲ್ಲಿ ‘ಟೈಮ್’ ಪತ್ರಿಕೆಯಲ್ಲಿ ಸ್ಟೀವನ್ ಬ್ರಿಲ್ ಎಂಬವರು ಬರೆದ ಸುದೀರ್ಘ ಲೇಖನ ಇದಕ್ಕೆ ಒಂದು ದಾರಿ ಹಾಕಿತೆನ್ನಬಹುದು. ವೈದ್ಯಕೀಯ ವೆಚ್ಚವನ್ನು ಯಾರು ಭರಿಸಬೇಕೆಂದು ಆ ದೇಶದವರೆಲ್ಲ ವಾದಿಸುತ್ತಿದ್ದಾಗ, ಬೆಲೆ ಇಷ್ಟೇಕೆ ಎಂದು ಅವರು ಕೇಳಿದರು. ರೋಗಿಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಓದಿದರು. (ಕನ್ನಡದಲ್ಲಿ ಬಿಲ್ಲೆಂದರೆ ಧನುಸ್ಸೂ ಹೌದು, ಪೆಟ್ಟು ತಿಂದವರಿಗೆ ಈ ಶ್ಲೇಷ ಅರ್ಥವಾದೀತು.) ಒಬ್ಬ ಕ್ಯಾನ್ಸರ್ ರೋಗಿಯ ಬಿಲ್ಲಿನಲ್ಲಿ, ನಾವು ಪ್ಯಾರಾಸಿಟಮಾಲ್ ಎನ್ನುವ ಸಾಮಾನ್ಯ ಮಾತ್ರೆ ಒಂದಕ್ಕೆ ಒಂದೂವರೆ ಡಾಲರ್ ಬೆಲೆ ಹಾಕಿತ್ತು. ಅಂಗಡಿಯಲ್ಲಿ ಅದೇ ಹಣಕ್ಕೆ ನೂರು ಮಾತ್ರೆಗಳ ಡಬ್ಬಿ ದೊರೆಯುತ್ತಿತ್ತು. ಪ್ರತಿಯೊಂದು ಆಸ್ಪತ್ರೆಯೂ ‘ಚಾರ್ಜ್‌ಮಾಸ್ಟರ್’ ಎಂಬ ತನ್ನದೇ ಬೆಲೆಪಟ್ಟಿಯನ್ನು ಇಟ್ಟುಕೊಂಡಿರುತ್ತದೆಂದೂ, ಆ ಬೆಲೆಗಳಿಗೂ ನಿಜವಾದ ಖರ್ಚಿಗೂ ಸಂಬಂಧ ಅತ್ಯಲ್ಪವೆಂದೂ ಸಾಮಾನ್ಯ ಜನರಿಗೆ ತಿಳಿದದ್ದು ಆಗ.

2018ರ ಫೆಬ್ರವರಿಯಲ್ಲಿ ಕೈಸರ್ ಹೆಲ್ತ್ ನ್ಯೂಸ್ ಎಂಬ ಸುದ್ದಿಸಂಸ್ಥೆ (ಇಂದು ಕೆಎಫ್ಎಫ್ ಹೆಲ್ತ್ ನ್ಯೂಸ್) ಎನ್‌ಪಿಆರ್ ಬಾನುಲಿಯೊಡನೆ ಕೂಡಿ ‘ತಿಂಗಳ ಬಿಲ್ಲು’ ಎಂಬ ಅಂಕಣವನ್ನು ತೆರೆಯಿತು. ಓದುಗರು ತಮ್ಮ ಬಿಲ್ಲುಗಳನ್ನು ಕಳುಹಿಸಬೇಕು. ಪತ್ರಕರ್ತರು ತಿಂಗಳಿಗೊಂದನ್ನು ಆರಿಸಿಕೊಂಡು ಅದರ ಒಳಹೊರಗನ್ನು ಶೋಧಿಸಿ ಬರೆಯಬೇಕು. ಮೊದಲ ವರದಿ ಟೆಕ್ಸಾಸಿನ ಒಬ್ಬ ವಿದ್ಯಾರ್ಥಿನಿಯದು. ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಮಾಡಿದ ಮೂತ್ರಪರೀಕ್ಷೆಗೆ ಬಂದ ಬಿಲ್ಲು 17,850 ಡಾಲರ್! ವಿಮಾ ಕಂಪನಿಯ ಲೆಕ್ಕದಲ್ಲಿ ಅದೇ ಪರೀಕ್ಷೆಯ ಬೆಲೆ 100.92 ಡಾಲರ್. ಅದೇ ವರ್ಷ ಬಂದ ಇನ್ನೊಂದು ವರದಿ ಹೃದಯಾಘಾತಕ್ಕೊಳಗಾದ ಒಬ್ಬ ಶಾಲಾ ಶಿಕ್ಷಕರದು. ಅವರಿಗೆ ವಿಮೆಯಿತ್ತು. ಆದರೆ ಪ್ರಾಣಾಪಾಯದ ಹೊತ್ತಿನಲ್ಲಿ ಸೇರಿಸಿದ ಆಸ್ಪತ್ರೆಗೆ ಅವರ ವಿಮಾ ಯೋಜನೆಯೊಡನೆ ಒಪ್ಪಂದವಿರಲಿಲ್ಲ. ವಿಮೆಯ ಪಾಲು ಸಂದಾಯವಾದ ಮೇಲೂ 1,08,951 ಡಾಲರ್ ಅವರ ತಲೆಯ ಮೇಲೆ ಉಳಿಯಿತು. ವರದಿ ಹೊರಬಂದ ಮೇಲೆ ಆ ಬಾಕಿ ಕೆಲವು ನೂರು ಡಾಲರುಗಳಿಗೆ ಇಳಿಯಿತು.

ಒಬ್ಬ ಶಿಕ್ಷಕರ ಸಾಲ ಹರಿದದ್ದು ಸಂತೋಷವೇ. ಆದರೆ ನಮಗೆ ಹಿರಿದಾಗಿ ಕಾಣುವುದು ಬೇರೊಂದು. ಆ ವರದಿಗಳ ಕೊನೆಯಲ್ಲಿ, ಇಂಥ ಬಿಲ್ಲು ಬಂದರೆ ಏನು ಮಾಡಬೇಕೆಂಬ ತಿಳಿವಳಿಕೆಯೂ ಇರುತ್ತದೆ: ಅವಸರದಲ್ಲಿ ಹಣ ಕಟ್ಟಬೇಡಿ, ಬಿಡಿಬಿಡಿಯಾದ ಪಟ್ಟಿಯನ್ನು ಕೇಳಿ, ಸಾಮಾನ್ಯ ದರದೊಡನೆ ಹೋಲಿಸಿ, ಲಿಖಿತವಾಗಿ ತಕರಾರು ಸಲ್ಲಿಸಿ. ಇಂಥ ಅನಿರೀಕ್ಷಿತ ಬಿಲ್ಲುಗಳ ಸಂಗತಿ ತಿಂಗಳು ತಿಂಗಳೂ ಬೆಳಕಿಗೆ ಬರುತ್ತಿದ್ದಂತೆ ಶಾಸನಸಭೆಯೂ ಕಣ್ಣು ತೆರೆಯಬೇಕಾಯಿತು. ತುರ್ತು ಚಿಕಿತ್ಸೆಯಲ್ಲಿ ವಿಮೆಯವರಿಂದ ಹೀಗೆ ಹೆಚ್ಚುವರಿ ವಸೂಲಿ ಮಾಡಬಾರದೆಂಬ ಕಾನೂನು 2022ರ ಜನವರಿ 1ರಿಂದ ಜಾರಿಗೆ ಬಂದಿತು. ರಸ್ತೆಯ ಆಂಬ್ಯುಲೆನ್ಸುಗಳನ್ನು ಮಾತ್ರ ಆ ಕಾನೂನು ಹೊರಗಿಟ್ಟಿದೆ; ಮಕ್ಕಳು ಆ ದೇಶದಲ್ಲಿ ನೆಲೆಸಿರುವ ಕುಟುಂಬಗಳು ಇದನ್ನು ನೆನಪಿಡಬೇಕು.

ಮೆಂಫಿಸ್ ನಗರದ ಸಂಗತಿ ಇನ್ನೂ ಮನನೀಯ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಹತರಾದ ಊರು ಅದು. ಅವರ ಹೆಸರಿನಲ್ಲಿ ವೆಂಡಿ ಥಾಮಸ್ ಎಂಬ ಪತ್ರಕರ್ತೆ ‘ಎಂಎಲ್‌ಕೆ50’ ಎಂಬ ಚಿಕ್ಕ ಸುದ್ದಿಸಂಸ್ಥೆಯನ್ನು ಸ್ಥಾಪಿಸಿದರು. 2019ರಲ್ಲಿ ಪ್ರೋಪಬ್ಲಿಕಾ ಸಂಸ್ಥೆಯ ಸಹಯೋಗದಲ್ಲಿ ಅವರು ನ್ಯಾಯಾಲಯದ ಕಡತಗಳನ್ನು ಶೋಧಿಸಿದರು. ಆಗ ಕಂಡುಬಂದದ್ದೇನು? ಚರ್ಚಿನೊಡನೆ ಸಂಬಂಧವುಳ್ಳ, ಲಾಭೋದ್ದೇಶವಿಲ್ಲದ್ದೆಂದು ತೆರಿಗೆ ವಿನಾಯಿತಿ ಪಡೆಯುವ ಮೆಥಡಿಸ್ಟ್ ಲೆ ಬೋನರ್ ಎಂಬ ಆಸ್ಪತ್ರೆ ಸಮೂಹವು 2014ರಿಂದ 2018ರವರೆಗಿನ ಐದು ವರ್ಷಗಳಲ್ಲಿ ಬಾಕಿ ವಸೂಲಿಗಾಗಿ 8,300ಕ್ಕೂ ಹೆಚ್ಚು ದಾವೆಗಳನ್ನು ಹೂಡಿತ್ತು. ಪ್ರತಿವಾದಿಗಳಲ್ಲಿ ಅನೇಕರು ಕಡುಬಡವರು; ಕೆಲವರು ಆ ಆಸ್ಪತ್ರೆಯದೇ ನೌಕರರು! ವರದಿ ಪ್ರಕಟವಾದ ಬಳಿಕ ಆಸ್ಪತ್ರೆಯು ತನ್ನ ನೀತಿಯನ್ನು ಬದಲಿಸಿತು. ಐದು ಸಾವಿರಕ್ಕೂ ಮಿಕ್ಕ ಜನರ ಸುಮಾರು 1 ಕೋಟಿ 19 ಲಕ್ಷ ಡಾಲರಿನ ಸಾಲವನ್ನು ಮನ್ನಾ ಮಾಡಿತು. ಧರ್ಮದ ಹೆಸರು ಹೊತ್ತ ಸಂಸ್ಥೆಗೆ ಈ ಪಾಠವನ್ನು ಹೇಳಬೇಕಾದವರು ಧರ್ಮಗುರುಗಳು, ಹೇಳಿದವರು ಪತ್ರಕರ್ತರು. ನಮ್ಮ ಮಠಮಾನ್ಯಗಳೂ ಆಸ್ಪತ್ರೆಗಳನ್ನು ನಡೆಸುತ್ತಿರುವ ಈ ಕಾಲದಲ್ಲಿ ಈ ಮಾತನ್ನು ಪರರ ಮನೆಯ ಸುದ್ದಿಯೆಂದು ನಾವು ಬದಿಗಿಡಲಾರೆವು.

ನಮ್ಮ ದೇಶದಲ್ಲಿಯೂ ಬಿಲ್ಲನ್ನು ಓದಿದವರು ಇಲ್ಲದಿಲ್ಲ. ಹೃದಯದ ರಕ್ತನಾಳಕ್ಕೆ ಅಳವಡಿಸುವ ಸ್ಟೆಂಟಿನ ಬೆಲೆಯ ಬಗ್ಗೆ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದವರು ಬೀರೇಂದರ್ ಸಾಂಗ್ವಾನ್ ಎಂಬ ವಕೀಲರು. ಲಕ್ಷ ರೂಪಾಯಿಗೂ ಮೀರಿ ಮಾರಾಟವಾಗುತ್ತಿದ್ದ ಔಷಧಿ ಲೇಪಿತ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಸರ್ಕಾರವು 29,600 ರೂಪಾಯಿಗಳ ಮಿತಿಯನ್ನು ವಿಧಿಸಿತು. ಮರುವರ್ಷ ಔಷಧ ಬೆಲೆ ಪ್ರಾಧಿಕಾರವು ದೆಹಲಿ ಸುತ್ತಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿದಾಗ ಕೆಲವು ಸಾಮಗ್ರಿಗಳ ಮೇಲಿನ ಲಾಭ ಶೇಕಡಾ 1,737ರವರೆಗೂ ಮುಟ್ಟಿತ್ತು. ಪತ್ರಿಕೆಗಳು ಈ ಸುದ್ದಿಯನ್ನು ಒಂದೆರಡು ದಿನ ದೊಡ್ಡದಾಗಿ ಅಚ್ಚು ಮಾಡಿ ಮುಂದೆ ಸಾಗಿದವು. ಆಸ್ಪತ್ರೆಗಳ ಪುಟಗಟ್ಟಲೆ ಜಾಹೀರಾತುಗಳಿಂದ ಬದುಕುವ ಪತ್ರಿಕೆಗೆ ಆಸ್ಪತ್ರೆಯ ಬಿಲ್ಲನ್ನು ಓದಲು ನಾಲಗೆ ಹೊರಳುವುದು ಕಷ್ಟ. ಮೇಲೆ ಹೇಳಿದ ಎಂಎಲ್‌ಕೆ50, ಕೆಎಫ್ಎಫ್, ಪ್ರೋಪಬ್ಲಿಕಾ ಮೂರೂ ಲಾಭಕ್ಕಾಗಿ ನಡೆಯುವ ಸಂಸ್ಥೆಗಳಲ್ಲ ಎಂಬುದು ಗಮನಾರ್ಹ.

ಆದರೂ ಆಗುವ ಕೆಲಸವಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪಟ್ಟಿಯಲ್ಲಿ ವಿವರವಾದ ಬಿಲ್ಲನ್ನು ಪಡೆಯುವ ಹಕ್ಕು ಸೇರಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನಿನ ಪ್ರಕಾರ ಆಸ್ಪತ್ರೆಗಳು ತಮ್ಮ ದರಗಳನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು. ಬಾಕಿ ಹಣಕ್ಕಾಗಿ ಶವವನ್ನು ತಡೆದಿಡಬಾರದೆಂದು 2017ರ ತಿದ್ದುಪಡಿ ಹೇಳುತ್ತದೆ. ಒಂದು ಜಿಲ್ಲಾ ಕೇಂದ್ರದ ಐದು ಆಸ್ಪತ್ರೆಗಳಿಗೆ ಹೋಗಿ, ಸಿಸೇರಿಯನ್ ಹೆರಿಗೆಗೆಷ್ಟು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಷ್ಟು, ತೀವ್ರ ನಿಗಾ ಘಟಕದ ಒಂದು ದಿನಕ್ಕೆಷ್ಟು ಎಂದು ಆ ಫಲಕಗಳಿಂದ ಬರೆದುಕೊಂಡು ಬಂದು ಅಕ್ಕಪಕ್ಕದಲ್ಲಿ ಅಚ್ಚು ಮಾಡಲು ಒಬ್ಬ ವರದಿಗಾರನಿಗೆ ಎರಡು ದಿನ ಸಾಕು. ಯಾವ ಆಸ್ಪತ್ರೆಯಲ್ಲಿ ಫಲಕವೇ ಇಲ್ಲವೋ ಅದನ್ನೂ ಹಾಗೆಯೇ ಬರೆಯಬಹುದು.