ಹೇಳಬೇಕಾದವಳು ನಾನು, ಹೇಳಿದ್ದು ಫೋನು



ಕಳೆದ ಸಂಚಿಕೆಯ ಹುರಿಹಿಟ್ಟಿನ ಬಗ್ಗೆ ನಿಮ್ಮ ಪತ್ರಗಳು ಬಂದಿವೆ. ಉತ್ತರ ಮುಂದಿನ ಸಲ ಬರೆಯುತ್ತೇನೆ. ಈ ಸಲದ ವಿಷಯ ಒಲೆಯ ಮೇಲಿನದಲ್ಲ. ಒಲೆಯ ಪಕ್ಕದಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಿರುತ್ತೇವಲ್ಲ, ಆ ಫೋನಿನದು. “ಎಸ್ಸೆಸ್ಸೆಲ್ಸಿ ಓದಿದವಳು ಇಂಟರ್ನೆಟ್ಟಿನ ಬಗ್ಗೆ ಬರೀತಾಳಂತೆ” ಅಂತ ನಮ್ಮ ಯಜಮಾನರು ನಕ್ಕರು. ನಗಲಿ ಬಿಡಿ. ಬಿಸಿ ತಗುಲಿದ್ದು ನನ್ನ ಕೈಗೆ.

ಕಳೆದ ಶ್ರಾವಣದಲ್ಲಿ ಒಂದು ದಿನ ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಆ ಹೊತ್ತಿಗೆ ಮನಸ್ಸಿಗೆ ಏನಾಯಿತು ಅನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗನದು ಎರಡನೇ ಪಿಯುಸಿ ವರ್ಷ. ನಾದಿನಿಯ ಸೀಮಂತ ಎರಡು ವಾರದಲ್ಲಿತ್ತು. ಅದು ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂತ ಬಾಯಿ ಮುಚ್ಚಿಕೊಂಡೆ. ಆದರೆ ಮನಸ್ಸು ಕೇಳಬೇಕಲ್ಲ? ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಫೋನು ಹಿಡಿದು ಕೂತು ಹುಡುಕಿದೆ. ಒಂದಲ್ಲ ಎರಡಲ್ಲ, ಮೂರು ದಿನ. ಯಾವುದೋ ಒಂದು ತಾಣದಲ್ಲಿ “ಉಚಿತ ಸಲಹೆ” ಅಂತಿತ್ತು, ಅಲ್ಲಿ ಫೋನ್ ನಂಬರನ್ನೂ ಕೊಟ್ಟೆ.

ಹಗಲು ಹೊತ್ತು ಮನೆಯಲ್ಲಿರುವುದು ನನ್ನದೊಂದೇ ಫೋನು. ಅತ್ತೆ ಅದರಲ್ಲೇ ಹರಿಕಥೆ ಕೇಳುತ್ತಾರೆ, ಮಗ ಅದರಲ್ಲೇ ಪಾಠ ನೋಡುತ್ತಾನೆ. ನಾಲ್ಕನೇ ದಿನ ಸಂಜೆ ಅತ್ತೆ, “ಸೀಮಂತಕ್ಕೆ ಏಳು ಬಗೆ ಚಿತ್ರಾನ್ನ ಮಾಡೋದು ಹೇಗೆ ಅಂತ ನೋಡಪ್ಪಾ” ಅಂತ ಮೊಮ್ಮಗನ ಕೈಗೆ ಫೋನು ಕೊಟ್ಟರು. ಅವನು ಬ್ರೌಸರ್ ತೆರೆದ. ಹುಡುಕುವ ಜಾಗದ ಕೆಳಗೆ ಸಾಲಾಗಿ ಲೇಖನಗಳು ಬಂದಿದ್ದವು, ಎಲ್ಲವೂ ಎದೆಯ ಗಂಟಿನ ಬಗ್ಗೆ. ಬೆರಳು ಮುಟ್ಟಿಸಿದರೆ ನಾನು ಮೂರು ದಿನ ಕೇಳಿದ್ದ ಪ್ರಶ್ನೆಗಳೆಲ್ಲ ಒಂದರ ಕೆಳಗೊಂದು! ಹದಿನೇಳು ವರ್ಷದ ಹುಡುಗ ಅದನ್ನು ಓದಿ, ಮಾತಾಡದೆ ಫೋನನ್ನು ಅಜ್ಜಿಯ ಕೈಗಿಟ್ಟು ಹೊರಗೆ ಹೋಗಿಬಿಟ್ಟ. ನಾನು ಒಗ್ಗರಣೆ ಹಾಕುತ್ತಿದ್ದೆ. “ಏನಮ್ಮಾ ಇದು? ನಿನಗೇನಾದ್ರೂ ಆಗಿದೆಯಾ?” ಅಂತ ಅತ್ತೆ ಕೇಳಿದಾಗ ಸಾಸಿವೆ ಸೀದುಹೋಯಿತು.

ಮಾರನೆಯ ದಿನವೇ ಅತ್ತೆ ನನ್ನನ್ನು ತಿಪಟೂರಿನಿಂದ ತುಮಕೂರಿಗೆ ಹೊರಡಿಸಿದರು. ಸ್ಕ್ಯಾನ್ ಆಯಿತು, ಸೂಜಿ ಪರೀಕ್ಷೆ ಆಯಿತು. ಒಂದು ವಾರಕ್ಕೆ, “ನೀರು ತುಂಬಿದ ಗುಳ್ಳೆ ಅಷ್ಟೆ, ಭಯ ಬೇಡ. ಆರು ತಿಂಗಳಿಗೆ ಮತ್ತೆ ಬಂದು ತೋರಿಸಿ” ಅಂದರು ಡಾಕ್ಟರಮ್ಮ. ದೇವರು ದೊಡ್ಡವನು.

“ಫೋನಿನಿಂದ ಒಳ್ಳೇದೇ ಆಯ್ತಲ್ಲ” ಅಂದರು ಎಲ್ಲರೂ. ಬೇಗ ಹೋದದ್ದು ಒಳ್ಳೆಯದಾಯಿತು, ಒಪ್ಪುತ್ತೇನೆ. ಆದರೂ ಒಂದು ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ನನ್ನ ಮೈ ವಿಷಯ, ನನ್ನ ಮಗನಿಗೆ, ನಾನು ಹೇಳುವ ಮೊದಲು ಒಂದು ಯಂತ್ರ ಹೇಳಿಬಿಟ್ಟಿತಲ್ಲ?

ದಸರಾಕ್ಕೆ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಅವನದು ಕಂಪ್ಯೂಟರ್ ಕೆಲಸ. ಕೋಡುಬಳೆ ಕೊಟ್ಟು ಕೂರಿಸಿಕೊಂಡು ಕೇಳಿದೆ. “ಚಿಕ್ಕಮ್ಮ, ಇದರಲ್ಲಿ ಮೂರು ಬೇರೆ ಬೇರೆ ಇದೆ. ನೀವು ಮೂರನ್ನೂ ಒಂದೇ ಅಂದ್ಕೊಂಡಿದೀರಿ” ಅಂದ. ಬ್ರೌಸರ್ ಅಂದರೆ ನಮ್ಮನ್ನು ಅಂಗಡಿಗೆ ಕರೆದುಕೊಂಡು ಹೋಗುವ ಆಟೋ. ಸರ್ಚ್ ಇಂಜಿನ್ ಅಂದರೆ ಯಾವ ಅಂಗಡಿ ಎಲ್ಲಿದೆ ಅಂತ ಹೇಳುವವನು. ಅಕೌಂಟ್ ಅಂದರೆ ಹೋದಲ್ಲೆಲ್ಲ ನಾವು ಬರೆಸುವ ಹೆಸರು. ಈ ಮೂರೂ ಒಂದೇ ಕಂಪನಿಯದಾದರೆ ನಮ್ಮ ಲೆಕ್ಕವೆಲ್ಲ ಒಂದೇ ಪುಸ್ತಕದಲ್ಲಿ ಸೇರುತ್ತದೆ.

ಕುಕಿ ಅಂತ ಇನ್ನೊಂದಿದೆ. ನಾನು ಬಿಸ್ಕತ್ತು ಅಂದುಕೊಂಡಿದ್ದೆ! 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ ಎಂಬಾತ ಮಾಡಿದ್ದಂತೆ. ಜಾಲತಾಣವೊಂದು ನಮ್ಮ ಫೋನಿನಲ್ಲಿ ಇಟ್ಟುಹೋಗುವ ಸಣ್ಣ ಚೀಟಿ ಅದು. ಮತ್ತೆ ಹೋದಾಗ ಗುರುತು ಹಿಡಿಯಲಿಕ್ಕೆ. ಅದರಲ್ಲಿ ತಪ್ಪೇನಿಲ್ಲ, ಅಂಗಡಿಯವರು ಖಾತೆ ಇಟ್ಟ ಹಾಗೆ. ಆದರೆ ಜಾಹೀರಾತಿನವರು ನೂರಾರು ತಾಣಗಳಲ್ಲಿ ತಮ್ಮ ಚೀಟಿ ಇಡುತ್ತಾರೆ. ಬೆಳಿಗ್ಗೆ ರೆಸಿಪಿ, ಮಧ್ಯಾಹ್ನ ಮದ್ದು, ರಾತ್ರಿ ಮಗನ ಕಾಲೇಜು, ಎಲ್ಲ ಕಡೆ ನಿಂತು ನೋಡಿದವನು ಒಬ್ಬನೇ ಆಗುತ್ತಾನೆ. ಇದಕ್ಕೆ ಥರ್ಡ್ ಪಾರ್ಟಿ ಕುಕಿ ಎನ್ನುತ್ತಾರೆ. ಕ್ರೋಮ್ ಬ್ರೌಸರಿನಲ್ಲಿ ಇದನ್ನು ಎರಡು ವರ್ಷದಲ್ಲಿ ತೆಗೆಯುತ್ತೇವೆ ಅಂತ ಗೂಗಲ್ 2020ರಲ್ಲಿ ಹೇಳಿತ್ತು. ಮುಂದೂಡುತ್ತಾ ಮುಂದೂಡುತ್ತಾ 2025ರ ಏಪ್ರಿಲ್‌ನಲ್ಲಿ, ಇರಲಿ, ಬೇಡದವರು ಸೆಟ್ಟಿಂಗ್ಸಿನಲ್ಲಿ ನಿಲ್ಲಿಸಿಕೊಳ್ಳಲಿ ಎಂದುಬಿಟ್ಟಿತು. ಜಾಹೀರಾತೇ ಆ ಕಂಪನಿಯ ಮುಖ್ಯ ಆದಾಯ. ಹಾಲು ಕೊಡುವ ಹಸುವನ್ನು ಯಾರು ತಾನೇ ಮಾರುತ್ತಾರೆ?

ಹಾಗಾದರೆ ಬೇರೆ ಬ್ರೌಸರ್ ಯಾವುದಿದೆ ಅಂತ ಕೇಳಿದೆ. ಅವನು ಹೇಳಿದ್ದನ್ನು ನಾನೂ ಒಂದಿಷ್ಟು ಓದಿ ನೋಡಿ, ತೂಕ ಹಾಕಿ ಬರೆಯುತ್ತಿದ್ದೇನೆ. ಎಲ್ಲವೂ ಪುಕ್ಕಟೆಯೇ. ಆದ್ದರಿಂದಲೇ ಪ್ರತಿಯೊಂದಕ್ಕೂ “ಇವರಿಗೆ ದುಡ್ಡು ಎಲ್ಲಿಂದ?” ಅಂತ ಕೇಳಬೇಕು.

ಫೈರ್‌ಫಾಕ್ಸ್: 2004ರಿಂದ ಇರುವ ಹಳೆಯ ಬ್ರೌಸರ್. ಲಾಭಕ್ಕಲ್ಲದ ಮೊಜಿಲ್ಲಾ ಎಂಬ ಪ್ರತಿಷ್ಠಾನದ್ದು. ಕನ್ನಡದಲ್ಲೂ ಇದೆ. ಹಿಂದೆ ಬೀಳುವ ಎಷ್ಟೋ ಕುಕಿಗಳನ್ನು ನಾವು ಹೇಳದೆಯೇ ತಡೆಯುತ್ತದೆ. ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯನ್ನು ಆಂಡ್ರಾಯ್ಡ್ ಫೋನಿನಲ್ಲೂ ಸೇರಿಸಿಕೊಳ್ಳಬಹುದು. ಆದರೆ ಇವರ ವರಮಾನದ ಬಹುಪಾಲು ಬರುವುದೇ ಗೂಗಲ್ಲಿನಿಂದ, ಹುಡುಕುವ ಜಾಗದಲ್ಲಿ ಅವರನ್ನು ಮೊದಲು ಇಟ್ಟದ್ದಕ್ಕೆ. “ನಿಮ್ಮ ಮಾಹಿತಿ ಎಂದೂ ಮಾರುವುದಿಲ್ಲ” ಎಂದಿದ್ದ ಮಾತನ್ನು 2025ರ ಫೆಬ್ರವರಿಯಲ್ಲಿ ತೆಗೆದರು, ಕಾನೂನಿನಲ್ಲಿ ‘ಮಾರಾಟ’ ಅನ್ನೋ ಪದದ ಅರ್ಥ ದೊಡ್ಡದು ಅಂತ ಕಾರಣ ಕೊಟ್ಟರು. ಬಳಸುವವರು ಗಲಾಟೆ ಮಾಡಿದ ಮೇಲೆ ಷರತ್ತುಗಳ ಮಾತು ತಿದ್ದಿದರು.

ಬ್ರೇವ್: ಹಾಕಿಕೊಂಡ ಕ್ಷಣದಿಂದಲೇ ಜಾಹೀರಾತು ತಡೆಯುತ್ತದೆ. ಪುಟಗಳು ಬೇಗ ತೆರೆಯುತ್ತವೆ, ಡೇಟಾ ಉಳಿಯುತ್ತದೆ. ಆದರೆ ತನ್ನದೇ ಜಾಹೀರಾತು, ಕ್ರಿಪ್ಟೋ ಹಣದ ವ್ಯವಹಾರ ಅಂತ ಒಳಗೆ ಇಟ್ಟುಕೊಂಡಿದೆ. ನಮಗೆ ಅದರ ಗೊಡವೆ ಬೇಡ. 2020ರಲ್ಲಿ ಕೆಲವು ಕ್ರಿಪ್ಟೋ ತಾಣಗಳ ವಿಳಾಸ ಬರೆಯುವಾಗ ತನಗೆ ಕಮಿಷನ್ ಬರುವ ವಿಳಾಸ ಸೇರಿಸುತ್ತಿತ್ತು. ಸಿಕ್ಕಿಬಿದ್ದ ಮೇಲೆ ತಪ್ಪಾಯಿತು ಎಂದರು.

ಡಕ್‌ಡಕ್‌ಗೋ: 2008ರಲ್ಲಿ ಸರ್ಚ್ ಇಂಜಿನ್ನಾಗಿ ಶುರುವಾದದ್ದು, ಈಗ ಬ್ರೌಸರೂ ಇದೆ. ನಾವು ಈಗ ಹುಡುಕಿದ್ದಕ್ಕೆ ಮಾತ್ರ ಜಾಹೀರಾತು ತೋರಿಸುತ್ತದೆ, ನೆನಪಿಟ್ಟುಕೊಳ್ಳುವುದಿಲ್ಲ. ಬೆಂಕಿಯ ಚಿತ್ರದ ಒಂದು ಗುಂಡಿ ಇದೆ, ಒತ್ತಿದರೆ ಫೋನಿನಲ್ಲಿರುವ ಅದರ ಗುರುತೆಲ್ಲ ಅಳಿಸಿಹೋಗುತ್ತದೆ. ಇದಕ್ಕೂ ಒಂದು ಕಪ್ಪು ಚುಕ್ಕೆ ಉಂಟು. ಮೈಕ್ರೋಸಾಫ್ಟಿನ ಜೊತೆಗಿನ ಒಪ್ಪಂದದಿಂದಾಗಿ ಆ ಕಂಪನಿಯ ಕೆಲವು ಹಿಂಬಾಲಕರನ್ನು ತಡೆಯದೆ ಬಿಟ್ಟಿದ್ದು 2022ರಲ್ಲಿ ಬಯಲಾಗಿ, ಅದೇ ವರ್ಷ ಸರಿಪಡಿಸಿದರು.

ಉಲಾ: ನಮ್ಮ ನೆರೆಯ ತಮಿಳುನಾಡಿನ ಜೋಹೋ ಕಂಪನಿಯದು, 2023ರಲ್ಲಿ ಬಂತು. ದೇಶೀ ಬ್ರೌಸರಿಗಾಗಿ ಕೇಂದ್ರ ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ 2025ರ ಮಾರ್ಚಿನಲ್ಲಿ ಮೊದಲ ಬಹುಮಾನ, 1 ಕೋಟಿ ರೂಪಾಯಿ, ಇದಕ್ಕೇ ಬಂತು. ಕಂಪನಿಯ ಆದಾಯ ಕಚೇರಿಗಳಿಗೆ ಸಾಫ್ಟ್‌ವೇರ್ ಮಾರುವುದರಿಂದ. ಹೊಸದು, ಇನ್ನೂ ಬಳಸಿ ನೋಡಬೇಕು. ಕ್ರೋಮ್, ಬ್ರೇವ್, ಉಲಾ ಮೂರರ ಒಳಗಿನ ಇಂಜಿನ್ನು ಗೂಗಲ್ ಮೊದಲು ಮಾಡಿದ ಕ್ರೋಮಿಯಮ್ಮೇ. ಫೈರ್‌ಫಾಕ್ಸಿನದು ಬೇರೆ.

ಇನ್ನೊಂದು ಎಚ್ಚರಿಕೆ. ಹಳೆಯ ಫೋನಿನಲ್ಲಿ ನಾವೆಲ್ಲ ಯುಸಿ ಬ್ರೌಸರ್ ಹಾಕಿಕೊಂಡಿದ್ದೆವು, ನೆನಪಿದೆಯೇ? ಹಗುರ, ಬೇಗ ತೆರೆಯುತ್ತೆ ಅಂತ. ಅದು ಬಳಸುವವರ ಗುರುತು, ಹುಡುಕಿದ ವಿಷಯಗಳನ್ನು ಸರಿಯಾಗಿ ಕಾಪಾಡದೆ ಸೋರಿಸುತ್ತಿದೆ ಎಂದು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2015ರಲ್ಲೇ ಹೇಳಿತ್ತು. 2020ರ ಜೂನಿನಲ್ಲಿ ನಮ್ಮ ಸರ್ಕಾರ ನಿಷೇಧಿಸಿದ 59 ಚೀನೀ ಆಪ್‌ಗಳಲ್ಲಿ ಅದೂ ಒಂದು. ಬೇರೆಯದು ಅಂದಮಾತ್ರಕ್ಕೆ ಒಳ್ಳೆಯದಲ್ಲ ಕಣ್ರೀ.

“ಇಷ್ಟೆಲ್ಲ ಯಾಕೆ? ಇನ್‌ಕಾಗ್ನಿಟೊ ಇದೆಯಲ್ಲ” ಅಂದ ನನ್ನ ಮಗ. ಅದರಲ್ಲಿ ನೋಡಿದ್ದು ಫೋನಿನ ಪಟ್ಟಿಯಲ್ಲಿ ಉಳಿಯುವುದಿಲ್ಲ, ನಿಜ. ಮನೆಯವರ ಕಣ್ಣಿಗೆ ಮರೆ. ಆದರೆ ಹೋದ ತಾಣಕ್ಕೂ, ನೆಟ್ ಕೊಡುವ ಕಂಪನಿಗೂ ನಾವು ಹೋದದ್ದು ತಿಳಿಯುತ್ತದೆ. ಈ ವಿಷಯಕ್ಕೇ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸು ಬಿದ್ದು, ಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು 2024ರಲ್ಲಿ ಕಂಪನಿ ಒಪ್ಪಿತು.

ಈಗ ನಮ್ಮ ಮನೆಯಲ್ಲಿ ಮಾಡಿಕೊಂಡಿರುವ ಏರ್ಪಾಡು ಹೀಗಿದೆ:

1. ಮನೆಮಂದಿಗೆಲ್ಲ ಫೈರ್‌ಫಾಕ್ಸ್. ಫೋನಿನ ಸೆಟ್ಟಿಂಗ್ಸಿನಲ್ಲಿ ‘ಡೀಫಾಲ್ಟ್ ಆಪ್ಸ್’ ಎಂಬಲ್ಲಿ ಅದನ್ನೇ ಆರಿಸಿದ್ದೇವೆ. ಹಾಗೆ ಮಾಡದಿದ್ದರೆ ಲಿಂಕ್ ಒತ್ತಿದಾಗಲೆಲ್ಲ ಹಳೆಯದೇ ತೆರೆಯುತ್ತದೆ.

2. ಹೊಸ ಬ್ರೌಸರಿನೊಳಗೂ ಹುಡುಕುವವನು ಹಳಬನೇ ಇರುತ್ತಾನೆ. ಅದರ ಸೆಟ್ಟಿಂಗ್ಸಿನಲ್ಲಿ ಸರ್ಚ್ ಇಂಜಿನ್ ಬದಲಾಯಿಸಿಕೊಳ್ಳಬೇಕು. ಕನ್ನಡದಲ್ಲಿ ಹುಡುಕಿದಾಗ ಗೂಗಲ್ಲಿನಷ್ಟು ಚೆನ್ನಾಗಿ ಸಿಗುವುದಿಲ್ಲ, ಇದು ನನ್ನ ಅನುಭವ. ಅಡುಗೆ, ಹಬ್ಬದ ವಿಷಯಕ್ಕೆ ನಾನು ಈಗಲೂ ಗೂಗಲ್ಲಿಗೇ ಹೋಗುತ್ತೇನೆ.

3. ಆರೋಗ್ಯ, ಹಣಕಾಸಿನ ಸ್ವಂತ ವಿಷಯ ಹುಡುಕಲು ಡಕ್‌ಡಕ್‌ಗೋ. ಮುಗಿದ ಕೂಡಲೇ ಬೆಂಕಿ ಗುಂಡಿ. ಒಲೆ ಆರಿಸಿ ಏಳುವ ಹಾಗೆ ಅಭ್ಯಾಸವಾಗಿದೆ.

4. ಗೂಗಲ್ ಅಕೌಂಟಿನಲ್ಲಿ ‘ಮೈ ಆಕ್ಟಿವಿಟಿ’ ಅಂತ ಇದೆ. ನಮ್ಮ ಹಳೆಯ ಹುಡುಕಾಟವೆಲ್ಲ ಅಲ್ಲಿ ಸಿಗುತ್ತದೆ. ಅಳಿಸಬಹುದು, ಬರೆದಿಡುವುದನ್ನೇ ನಿಲ್ಲಿಸಬಹುದು, ಇಲ್ಲವೇ 3 ತಿಂಗಳಿಗಿಂತ ಹಳೆಯದನ್ನು ತಾನೇ ಅಳಿಸುವಂತೆ ಇಡಬಹುದು. ಬ್ರೌಸರ್ ಬದಲಾಯಿಸಿ ಇದನ್ನು ಮರೆತರೆ ಮುಂಬಾಗಿಲು ಹಾಕಿ ಹಿತ್ತಿಲು ತೆರೆದಿಟ್ಟ ಹಾಗೆ.

ಯಾವ ಬ್ರೌಸರಿಗೂ ಆಗದ ಕೆಲಸವೂ ಇದೆ. ನಾವೇ ಕೈಯಾರೆ ಕೊಟ್ಟದ್ದನ್ನು ಅದು ಕಾಯಲಾರದು. “ಉಚಿತ ಸಲಹೆ”ಗೆ ನಂಬರ್ ಕೊಟ್ಟೆನಲ್ಲ, ಎರಡು ತಿಂಗಳು ಬಿಡದೆ ಕರೆ ಬಂತು: ಪರೀಕ್ಷೆ ಮಾಡಿಸಿ, ವಿಮೆ ಮಾಡಿಸಿ ಅಂತ. ಓಟಿಪಿ ಕೇಳಿ ದುಡ್ಡು ಹೊಡೆಯುವವರಿಂದಲೂ ಅದು ಕಾಪಾಡದು. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

“ನಾವೇನು ಕದ್ದಿದೀವಾ ಮುಚ್ಚಿಡೋಕೆ?” ಅಂತ ನಮ್ಮ ಯಜಮಾನರು ಈಗಲೂ ಕೇಳುತ್ತಾರೆ. ನನಗೆ ನಮ್ಮಮ್ಮನ ನೆನಪಾಗುತ್ತದೆ. ಹಬ್ಬಕ್ಕೆ ಬನ್ನಿ, ಮಗು ನಡೆಯುತ್ತಿದೆ, ಮಳೆ ಚೆನ್ನಾಗಿದೆ ಇಂಥವನ್ನೆಲ್ಲ ಅಮ್ಮ ಕಾರ್ಡಿನಲ್ಲಿ ಬರೆಯುತ್ತಿದ್ದಳು. ಪೋಸ್ಟ್‌ಮನ್ ಓದಿದರೂ ಚಿಂತೆಯಿಲ್ಲ. ಆದರೆ ಅಪ್ಪನ ಸಾಲ, ತನ್ನ ಹೊಟ್ಟೆನೋವು ಇವನ್ನು ಅಜ್ಜಿಗೆ ತಿಳಿಸುವಾಗ ಇನ್‌ಲ್ಯಾಂಡ್ ಲೆಟರ್ ತರಿಸಿ, ಅನ್ನದ ಅಗುಳಿನಲ್ಲಿ ಅಂಚೆಲ್ಲ ಒತ್ತಿ ಅಂಟಿಸುತ್ತಿದ್ದಳು. ಅಮ್ಮ ಏನೂ ಕದ್ದಿರಲಿಲ್ಲ. ಯಾರಿಗೆ ಯಾವುದನ್ನು ಯಾವಾಗ ಹೇಳಬೇಕು ಅನ್ನುವುದು ಅವಳ ಕೈಯಲ್ಲಿತ್ತು ಅಷ್ಟೆ. ನಾವು ಈಗ ಎಲ್ಲವನ್ನೂ ಕಾರ್ಡಿನಲ್ಲೇ ಬರೆಯುತ್ತಿದ್ದೇವೆ.

ಇದು ನಮ್ಮ ಹಕ್ಕು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದರು. 2024ರಲ್ಲಿ ಅವರು ತೀರಿಕೊಂಡರು. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾನೂನೂ ಬಂತು. ಕಾನೂನು ತನ್ನ ಕೆಲಸ ಮಾಡಲಿ, ನಮ್ಮ ಮನೆಯ ಚಿಲಕ ನಾವು ಹಾಕಿಕೊಳ್ಳೋಣ.

ರಿಪೋರ್ಟು ಬಂದ ರಾತ್ರಿ ಮಗನ ಪಕ್ಕ ಕೂತು ಎಲ್ಲ ಹೇಳಿದೆ. ತಲೆ ತಗ್ಗಿಸಿಕೊಂಡೇ, “ಮೊದಲೇ ಹೇಳ್ಬೋದಿತ್ತಲ್ಲಮ್ಮಾ” ಅಂದ. “ಹೇಳ್ತಿದ್ದೆ ಕಣೋ, ಸೀಮಂತ ಮುಗೀಲಿ ಅಂತಿದ್ದೆ” ಅಂದೆ. ಆ ಮಾತು ಇಬ್ಬರಿಗೂ ಸಾಲಲಿಲ್ಲ.

ಆದ್ದರಿಂದ ಸೋದರಿಯರೇ, ಎರಡು ಮಾತು ನೆನಪಿಡಿ. ಫೋನಿಗೆ ಹೇಳಿದ್ದು ಫೋನಿನಲ್ಲೇ ಇರುತ್ತದೆ ಅಂದುಕೊಳ್ಳಬೇಡಿ. ಮೈಯಲ್ಲಿ ಗಂಟು ಕಂಡರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಅಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಅದನ್ನು ಹೇಳಬೇಕಾದವರು ಡಾಕ್ಟರು. ಅವರ ಹತ್ತಿರ ಮಾತ್ರ ಗುಟ್ಟು ಬೇಡ.

ಮುಂದಿನ ಸಂಚಿಕೆಯಲ್ಲಿ ಹುರಿಹಿಟ್ಟು, ಮತ್ತೆ ಅದಕ್ಕೆ ಹುಳು ಬೀಳದ ಹಾಗೆ ಇಡುವುದು ಹೇಗೆ ಅನ್ನುವುದು.

ನಿಮ್ಮ ಸೋದರಿ