ಎದೆಮೂಳೆಯ ಹಿಂದಿನ ಗಂತಿ

ದೇವರ ಹಿಪ್ಪರಗಿಯ ಒಬ್ಬ ಒಕ್ಕಲಿಗನಿಗೆ ಸಂಜೆಯಾಗುತ್ತಲೇ ಕಣ್ಣಿನ ರೆಪ್ಪೆಗಳು ಜೋಲುತ್ತವೆಂದು ಭಾವಿಸೋಣ. ಬೆಳಿಗ್ಗೆ ನೆಟ್ಟಗಿದ್ದವನಿಗೆ ಹೊತ್ತು ಇಳಿದಂತೆ ಒಂದು ಎತ್ತು ಎರಡಾಗಿ ಕಾಣುತ್ತದೆ. ರೊಟ್ಟಿ ಅಗಿಯುತ್ತ ದವಡೆ ಸೋಲುತ್ತದೆ. ಮನೆಯವರು ಬಿಸಿಲೆನ್ನುತ್ತಾರೆ, ದುಡಿಮೆಯ ದಣಿವೆನ್ನುತ್ತಾರೆ. ಇಂಥವನ ಎದೆಯನ್ನು ಪರೀಕ್ಷಿಸಬೇಕೆಂದು ಯಾರಿಗೆ ತಾನೇ ತೋಚೀತು? ಆದರೂ ಮಯಸ್ತೀನಿಯಾ ಗ್ರೇವಿಸ್ ಎಂಬ ಈ ಸ್ನಾಯುದೌರ್ಬಲ್ಯವುಳ್ಳ 100 ಜನರಲ್ಲಿ 10ರಿಂದ 15 ಜನರ ಎದೆಮೂಳೆಯ ಹಿಂದೆ ಥೈಮಸ್ ಗ್ರಂಥಿಯ ಗಂತಿ, ಅಂದರೆ ಗಡ್ಡೆ, ಅಡಗಿರುತ್ತದೆ.

ಈ ಗಂತಿ ವಿರಳವಾದುದು, ಕಣ್ತಪ್ಪುವುದೂ ಅದರಿಂದಲೇ. ನಮ್ಮ ಕಡೆ ಎದೆಯಲ್ಲಿ ನೆರಳು ಕಂಡೊಡನೆ ಕ್ಷಯದ ಮಾತೇ ಮೊದಲು. ಅದು ತಪ್ಪೂ ಅಲ್ಲ, ಕ್ಷಯವೇ ಹೆಚ್ಚು. ಆದರೆ ಕ್ಷಕಿರಣ ಚಿತ್ರದಲ್ಲಿ ಸಣ್ಣ ಗಂತಿಯು ಹೃದಯದ ನೆರಳಿನಲ್ಲಿಯೇ ಕರಗಿಹೋಗಬಲ್ಲದು. ಅದನ್ನು ಬಯಲಿಗೆಳೆಯುವುದು ಸಿ.ಟಿ. ಪರೀಕ್ಷೆ.

1936ರಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಎಂಬ ಶಸ್ತ್ರವೈದ್ಯರು ಈ ರೋಗದಿಂದ ನರಳುತ್ತಿದ್ದ 19 ವರ್ಷದ ತರುಣಿಯೊಬ್ಬಳ ಎದೆಯಿಂದ ಇಂಥ ಗಂತಿಯನ್ನು ತೆಗೆದರು. ಅವಳ ದೌರ್ಬಲ್ಯ ತಗ್ಗಿತು. ಗಂತಿಯಿಲ್ಲದ ರೋಗಿಗಳಲ್ಲಿಯೂ ಥೈಮಸ್ಸನ್ನು ತೆಗೆಯುವುದರಿಂದ ಪ್ರಯೋಜನವುಂಟೆಂಬುದು ವಿಧಿವತ್ತಾದ ಪ್ರಯೋಗದಿಂದ ಸಿದ್ಧವಾದುದು 2016ರಲ್ಲಿ. ಎಂಬತ್ತು ವರ್ಷಗಳ ಅಂತರ! ವಿರಳ ರೋಗದಲ್ಲಿ ಪುರಾವೆ ಕೂಡಿಸುವುದು ಅಷ್ಟು ನಿಧಾನದ ಕೆಲಸ.

ಶಸ್ತ್ರಕ್ರಿಯೆಯೇನೋ ಕೇಳಲು ಸರಳ. ಎದೆಮೂಳೆಯನ್ನು ನಡುವೆ ಸೀಳಿ, ಇಲ್ಲವೆ ಪಕ್ಕೆಗಳ ನಡುವಣ ಸಣ್ಣ ರಂಧ್ರಗಳಿಂದ ದರ್ಶಕವನ್ನು ತೂರಿಸಿ, ಗಂತಿಯನ್ನು ಅದರ ಕೋಶ ಹರಿಯದಂತೆ ಇಡಿಯಾಗಿ ಹೊರತೆಗೆಯಬೇಕು. ಕೋಶ ಹರಿದರೆ ಎದೆಯೊಳಗೆ ಬೀಜ ಚೆಲ್ಲಿದಂತೆ. ಎರಡೂ ಪಕ್ಕದಲ್ಲಿ ವಪೆಯನ್ನು ಆಡಿಸುವ ನರಗಳಿವೆ; ಅವಕ್ಕೆ ಪೆಟ್ಟಾದರೆ ಉಸಿರಿಗೇ ಸಂಚಕಾರ. ಸ್ನಾಯುದೌರ್ಬಲ್ಯವನ್ನು ಮೊದಲೇ ಔಷಧದಿಂದ ಹತೋಟಿಗೆ ತರದಿದ್ದರೆ, ಚೆನ್ನಾಗಿ ಮುಗಿದ ಶಸ್ತ್ರಕ್ರಿಯೆಯ ಮಾರನೆಯ ದಿನವೇ ರೋಗಿಯ ಉಸಿರು ಸೋಲಬಹುದು. ಅದೇ ಜಾಗದಲ್ಲಿ ಲಿಂಫೋಮಾ ಕೂಡ ಬೆಳೆಯುತ್ತದೆ. ಅದಕ್ಕೆ ಚಿಕಿತ್ಸೆ ಔಷಧವೇ ಹೊರತು ಕತ್ತಿಯಲ್ಲ. ಕೊಯ್ಯಬಾರದುದನ್ನು ಗುರುತಿಸುವುದೂ ಶಸ್ತ್ರವೈದ್ಯನ ಜಾಣ್ಮೆಯೇ.

ಆದಕಾರಣ, ಜಿಲ್ಲೆಗೊಬ್ಬ ಎದೆಯ ಶಸ್ತ್ರವೈದ್ಯ ಬೇಕೆಂಬ ಬೇಡಿಕೆ, ಈ ಗಂತಿಯ ಮಟ್ಟಿಗಾದರೂ, ನನಗೆ ಸಮ್ಮತವಲ್ಲ. ಅಪರೂಪಕ್ಕೊಮ್ಮೆ ಕಾಣುವುದರಲ್ಲಿ ಕೈ ಪಳಗುವುದು ಹೇಗೆ? 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಕೇಂದ್ರಗಳಿಗೆ ರೋಗಿಯನ್ನು ಕಳಿಸುವುದೇ ಲೇಸು. ನಮ್ಮ ಹಿರಿಯರು ಕಠಿಣ ರೋಗಿಯನ್ನು ಮಿರಜಿಗೆ ಒಯ್ಯುತ್ತಿದ್ದರು; ದೂರ ನಮಗೆ ಹೊಸದಲ್ಲ. ನನ್ನ ತಕರಾರು ಕಳಿಸುವ ರೀತಿಯ ಬಗೆಗೆ. ‘ಬೆಂಗಳೂರಿಗೆ ಹೋಗಿ’ ಎಂಬ ಎರಡು ಪದದ ಚೀಟಿ ಹಿಡಿದು ಬಡವನು 500 ಕಿಲೋಮೀಟರಿನಷ್ಟು ದೂರ ಹೋಗಿ ಯಾವ ಬಾಗಿಲು ಬಡಿಯಬೇಕು? ಸಿಂದಗಿಯಲ್ಲಾಗಲಿ ವಿಜಯಪುರದಲ್ಲಾಗಲಿ ರೋಗವನ್ನು ಶಂಕಿಸಿದ ವೈದ್ಯರು ಸಿ.ಟಿ. ಮಾಡಿಸಿ, ಅಲ್ಲಿ ನೋಡುವ ವೈದ್ಯರ ಹೆಸರು, ದಿನಾಂಕ, ಈವರೆಗೆ ಕೊಟ್ಟ ಔಷಧ, ಇಷ್ಟನ್ನು ಬರೆದುಕೊಡಲಿ. ಜೆಂಟಾಮೈಸಿನ್‌ನಂಥ ಔಷಧಗಳು ಈ ದೌರ್ಬಲ್ಯವನ್ನು ಹೆಚ್ಚಿಸುತ್ತವೆ. ದಾರಿಯಲ್ಲಿ ಜ್ವರ ಬಂದು ಯಾರಾದರೂ ಸೂಜಿಮದ್ದು ಹಾಕಲು ಮುಂದಾದರೆ ತೋರಿಸಲೆಂದು, ಆ ಮಾತನ್ನೂ ಅದೇ ಕಾಗದದ ಮೇಲ್ಗಡೆ ದಪ್ಪಕ್ಷರದಲ್ಲಿ, ಕನ್ನಡದಲ್ಲಿಯೂ ಬರೆಯಲಿ.