ಊರಿನ ಹೆಸರು ಕ್ರಿಯಾಪದವಾದಾಗ

ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಯಲಹಂಕದತ್ತ ಸಾಗುವವರಿಗೆ ಬ್ಯಾಟರಾಯನಪುರ ಸಿಗುತ್ತದೆ. ಮೈಸೂರು ರಸ್ತೆಯಲ್ಲಿಯೂ ಇದೇ ಹೆಸರಿನ ಇನ್ನೊಂದು ಬಡಾವಣೆಯುಂಟು. ಇದು ಉತ್ತರ ದಿಕ್ಕಿನದು. ‘ಬ್ಯಾಟೆ’ ಎಂಬುದು ಬೇಟೆ ಎಂಬ ಮಾತಿನ ಆಡುರೂಪ. ಬೇಟೆಗೆ ಹೊರಟ ವಿಷ್ಣುವೇ ಬ್ಯಾಟರಾಯ. ಹೀಗೆ ಹೆಸರನ್ನು ಬಿಡಿಸಿದೊಡನೆ ಬೇಟೆಯೂ ತಿಳಿಯುತ್ತದೆ, ಬೇಟೆಗಾರನೂ ತಿಳಿಯುತ್ತಾನೆ. ಈ ಊರಿನ ನಗರಸಭೆ 2007ರಲ್ಲಿ ಬೆಂಗಳೂರು ಮಹಾನಗರದೊಡನೆ ವಿಲೀನವಾಯಿತು. ಆ ವೇಳೆಗಾಗಲೇ ಬೆಂಗಳೂರಿನ ಹೆಸರು ಇಂಗ್ಲಿಷಿನಲ್ಲಿ ಒಂದು ವಿಚಿತ್ರ ಪದವಾಗಿ ಮಾರ್ಪಟ್ಟಿತ್ತು.

ಆ ಪದ ‘ಬ್ಯಾಂಗಲೋರ್ಡ್’. ಒಬ್ಬನು ಮಾಡುತ್ತಿದ್ದ ಕೆಲಸವನ್ನು ಬೆಂಗಳೂರಿನಂತಹ ದೂರದ ಊರಿಗೆ ಸಾಗಿಸಿದ್ದರಿಂದ ಅವನು ಉದ್ಯೋಗ ಕಳೆದುಕೊಂಡನು ಎಂಬುದು ಅದರ ಅರ್ಥ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕ ಸಾಧಿಸಿತು. ಇಲ್ಲಿ ವಿದ್ಯಾವಂತರಿದ್ದರು, ವೇತನ ಅಲ್ಲಿಗಿಂತ ಬಹಳ ಕಡಿಮೆಯಿತ್ತು. ಅಲ್ಲಿ ಇರುಳಾದಾಗ ಇಲ್ಲಿ ಹಗಲಾಗಿರುತ್ತಿತ್ತು. ಕಂಪನಿಗಳಿಗೆ ಇದಕ್ಕಿಂತ ಅನುಕೂಲವೇನು ಬೇಕು? 2000ದ ನಂತರದ ವರ್ಷಗಳಲ್ಲಿ ಅಮೆರಿಕದ ಎಷ್ಟೋ ಕೆಲಸಗಳು ಹೀಗೆ ಕಡಲು ದಾಟಿ ಬಂದವು. ಆಗ ಅಲ್ಲಿಯ ಜನರ ಕಹಿಯಿಂದ ಈ ಪದ ಹುಟ್ಟಿತು.

ಇಂಗ್ಲಿಷಿಗೆ ಇದು ಹೊಸ ಪದ್ಧತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಬಂದರುಗಳಲ್ಲಿ ಜನರಿಗೆ ಮತ್ತು ಬರಿಸಿ, ಮೋಸದಿಂದ ಹಡಗಿನ ದುಡಿಮೆಗೆ ಎಳೆದೊಯ್ಯುತ್ತಿದ್ದರು. ಅದಕ್ಕೆ ‘ಶಾಂಘಾಯ್ಡ್’ ಎಂಬ ಹೆಸರಾಯಿತು. ಅಪರಾಧ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೋದಂತಹ ಊರುಗಳಲ್ಲಿ. ಕೆಟ್ಟ ಹೆಸರು ಹೊತ್ತದ್ದು ಚೀನಾದ ಶಾಂಘಾಯ್! ಬೆಂಗಳೂರಿನ ಹೆಸರು ಹೊತ್ತ ಇನ್ನೊಂದು ಮಾತು ಇದಕ್ಕಿಂತ ಪ್ರಾಮಾಣಿಕವಾದುದು. ಮದ್ರಾಸ್ ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಇಲ್ಲಿಯೇ ಮದ್ದು ತುಂಬಿದ ಉದ್ದನೆಯ ಕೊಳವೆಯೊಂದನ್ನು ರೂಪಿಸಿದನು. ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿಯ ಕೆಳಗೆ ತಳ್ಳಿ ಸಿಡಿಸಿದರೆ ಸೈನಿಕರಿಗೆ ದಾರಿಯಾಗುತ್ತದೆ. ಅದೇ ‘ಬ್ಯಾಂಗಲೋರ್ ಟಾರ್ಪೆಡೊ’. 1944ರಲ್ಲಿ ನಾರ್ಮಂಡಿಯ ತೀರದಲ್ಲಿಯೂ ಅದನ್ನು ಬಳಸಿದರು. ಭಯಂಕರವಾದ ಸಾಧನವೇನೋ ಹೌದು. ಆದರೆ ಹುಟ್ಟಿದ ಊರಿನ ಹೆಸರನ್ನೇ ಅದು ಪಡೆಯಿತು.

‘ಬ್ಯಾಂಗಲೋರ್ಡ್’ ಎಂಬ ಮಾತಿನ ದೋಷ ಅದರ ವ್ಯಾಕರಣದಲ್ಲಿಯೇ ಇದೆ. ಅದು ಕರ್ಮಣಿ ರೂಪ. ಕನ್ನಡಕ್ಕೆ ತರುವುದಾದರೆ ‘ಅವನು ಬೆಂಗಳೂರಿಸಲ್ಪಟ್ಟನು’ ಎನ್ನಬೇಕಾದೀತು. ಕೇಳಿದರೆ ನಗು ಬರುತ್ತದೆ. ಕನ್ನಡಿಗನು ‘ಕೆಲಸದಿಂದ ತೆಗೆದರು’ ಎನ್ನುತ್ತಾನೆ. ಕರ್ತೃಪದ ಬಾಯಿಗೆ ಬಾರದಿದ್ದರೂ ‘ತೆಗೆದರು’ ಎಂಬಲ್ಲಿಯ ಪ್ರತ್ಯಯ, ತೆಗೆದವರು ಯಾರೋ ಇದ್ದಾರೆ ಎಂದು ಸಾರುತ್ತದೆ. ಇಂಗ್ಲಿಷಿನ ಆ ಪದದಲ್ಲಿ ತೆಗೆದವರ ಸುಳಿವೇ ಇಲ್ಲ. ಲಾಭಕ್ಕಾಗಿ ನಿರ್ಧಾರ ಕೈಗೊಂಡ ಮಾಲೀಕನು ಮರೆಗೆ ಸರಿದನು. ಅವನ ಹೆಸರಿರಬೇಕಾದ ಜಾಗದಲ್ಲಿ ಊರಿನ ಹೆಸರು ಬಂದು ಕುಳಿತಿತು.

ಕೆಲಸ ಕಳೆದುಕೊಂಡವನ ನೋವು ಸುಳ್ಳಲ್ಲ. ಮನೆಯ ಸಾಲ, ಮಕ್ಕಳ ಓದು, ನಡುವಯಸ್ಸಿನಲ್ಲಿ ಹೊಸ ವಿದ್ಯೆ ಕಲಿಯಬೇಕಾದ ಕಷ್ಟ ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ. ಆದರೆ ಅಮೆರಿಕದ ಗ್ರಾಹಕರ ಹಗಲಿಗೆ ಹೊಂದಿಕೊಂಡು, ಇರುಳೆಲ್ಲ ಎಚ್ಚರವಿದ್ದು ದೂರವಾಣಿಗೆ ಉತ್ತರಿಸುತ್ತಿದ್ದ ಬೆಂಗಳೂರಿನ ತರುಣನು ಯಾರ ಅನ್ನವನ್ನೂ ಕಸಿಯಲು ಹೊರಟವನಲ್ಲ. ದುಡಿಯುವ ಇಬ್ಬರನ್ನು ಪರಸ್ಪರ ವೈರಿಗಳಂತೆ ನಿಲ್ಲಿಸುವ ಪದ ಎಷ್ಟೇ ಚತುರವಾಗಿದ್ದರೂ ನ್ಯಾಯವಾದುದಲ್ಲ.

2014ರ ನವೆಂಬರ್ 1ರಂದು ‘ಬ್ಯಾಂಗಲೋರ್’ ಅಧಿಕೃತವಾಗಿ ‘ಬೆಂಗಳೂರು’ ಆಯಿತು. ಇಂಗ್ಲಿಷಿನ ಆ ಪದ ಮಾತ್ರ ಹಳೆಯ ಉಚ್ಚಾರಣೆಯಲ್ಲಿಯೇ ಉಳಿದಿದೆ. 2022 ಮತ್ತು 2023ರಲ್ಲಿ ದೊಡ್ಡ ತಂತ್ರಜ್ಞಾನ ಕಂಪನಿಗಳು ಲೋಕದ ಹಲವೆಡೆ ನೌಕರರನ್ನು ಕಡಿಮೆ ಮಾಡಿದಾಗ ಬೆಂಗಳೂರಿನಲ್ಲಿಯೂ ಅನೇಕರು ಉದ್ಯೋಗ ಕಳೆದುಕೊಂಡರು. ಅದನ್ನು ಹೇಳುವುದಕ್ಕೆ ಇಲ್ಲಿ ಪರದೇಶದ ಯಾವ ಊರಿನ ಹೆಸರೂ ಬೇಕಾಗಲಿಲ್ಲ. ‘ಕಂಪನಿಯವರು ತೆಗೆದರು’ ಎಂಬ ಹಳೆಯ ಮಾತೇ ಸಾಕಾಯಿತು.